ಬಾಗಿಲಿರುವ ಕೋಣೆ ಯಾರಿಗೆ?

ವೈದ್ಯಕೀಯ ಸೀಟಿಗಾಗಿ ಬರೆಯುವ ನೀಟ್ ಕಷ್ಟವೋ, ವಿದೇಶದಲ್ಲಿ ಓದಿ ಬಂದವರು ಇಲ್ಲಿ ವೈದ್ಯರಾಗಲು ಬರೆಯುವ ಲೈಸೆನ್ಸ್ ಪರೀಕ್ಷೆ ಕಷ್ಟವೋ? ಚಿತ್ರದುರ್ಗದ ನಮ್ಮ ಮನೆಯಲ್ಲಿ ಇದನ್ನು ಒಂದೇ ಭಾನುವಾರದಲ್ಲಿ ಇತ್ಯರ್ಥ ಮಾಡುವ ಹೊಣೆ ನನ್ನ ಮೇಲೆ ಬಿತ್ತು. ನಾನು ಪತ್ರಿಕಾ ವರದಿಗಾರ. ಎರಡೂ ಕಡೆಯವರ ಮಾತು ಕೇಳದೆ ಒಂದು ಸಾಲೂ ಬರೆದವನಲ್ಲ. (ಮನೆಯಲ್ಲಿ ನನ್ನ ಕಡೆಯ ಮಾತನ್ನು ಯಾರೂ ಕೇಳಿದ್ದಿಲ್ಲ, ಆ ವಿಷಯ ಬೇರೆ.)

ಮಗಳು ಕೀರ್ತನಾ ಎರಡನೇ ಸಲ ನೀಟ್ ಬರೆಯುವವಳಿದ್ದಳು. ಹೆಂಡತಿ ಲತಾಳ ತಮ್ಮ ಯೋಗೇಶ್ ಕಿರ್ಗಿಸ್ತಾನದಲ್ಲಿ ಡಾಕ್ಟರಿಕೆ ಓದಿ, ಲೈಸೆನ್ಸ್ ಪರೀಕ್ಷೆಯಲ್ಲಿ ಒಮ್ಮೆ ಬಿದ್ದು, ಮತ್ತೆ ತಯಾರಾಗಲು ತಾಯಿ ಗಂಗಕ್ಕನ ಜೊತೆ ಹಿರಿಯೂರಿನಿಂದ ಬಂದಿದ್ದ. ಇಬ್ಬರೂ ಕಣ್ಣಿಟ್ಟಿದ್ದು ನಾನು ಬರೆಯಲು ಕೂರುವ ಕೋಣೆಯ ಮೇಲೆ. ಯಾರ ಪರೀಕ್ಷೆ ಹೆಚ್ಚು ಕಷ್ಟವೋ ಕೋಣೆ ಅವರಿಗೆ ಎಂದು ಲತಾ ಸಾರಿದಳು. ನನ್ನನ್ನು ನ್ಯಾಯಪೀಠದ ಮೇಲೆ, ಅಂದರೆ ಪ್ಲಾಸ್ಟಿಕ್ ಕುರ್ಚಿಯ ಮೇಲೆ, ಕೂರಿಸಿದಳು.

ತಪ್ಪು ಉತ್ತರಕ್ಕೆ ನೀಟ್‌ನಲ್ಲಿ ಅಂಕ ಕಳೆಯುತ್ತಾರೆ, ಮಾವನ ಪರೀಕ್ಷೆಯಲ್ಲಿ ಕಳೆಯುವುದಿಲ್ಲ, ಅರ್ಧ ಬಂದರೆ ಪಾಸು ಎಂದು ಕೀರ್ತನಾ ವಾದ ಹೂಡಿದಳು. ಆ ಅರ್ಧ ಬರುವುದೇ ಎಷ್ಟು ಕಷ್ಟವೆಂದು ಯೋಗೇಶ್ ವಿವರಿಸಹೊರಟ.

"ಇಲ್ಲಿ ಸೀಟ್ ಸಿಗ್ದೆ ತಾನೇ ಮಾವ ನೀನು ವಿಮಾನ ಹತ್ತಿದ್ದು?" ಎಂದಳು ಕೀರ್ತನಾ.

ಯೋಗೇಶ್ ನಿಧಾನವಾಗಿ ಹೇಳಿದ: "ನಿಂಗೆ ಸೀಟ್ ಸಿಗ್ಲಿಲ್ಲ ಅಂದ್ರೆ ಬಿಎಸ್ಸಿ ಐತೆ ಕಣಮ್ಮ. ನಂಗೇನೈತೆ? ಊರಿನವ್ರು ಜ್ವರಕ್ಕೆ ಮಾತ್ರೆ ಬರಕೊಡಪ್ಪ ಅಂತ ಬರ್ತಾರೆ. ಬಿಸಿನೀರು ಕುಡೀರಿ ಅಂತ ಹೇಳಿ ಕಳಿಸ್ತೀನಿ."

ಕೀರ್ತನಾ ತಲೆ ತಗ್ಗಿಸಿದಳು. ಇಂಥ ಸಂದರ್ಭಗಳಲ್ಲಿ ವೃತ್ತಿ ಕೈ ಹಿಡಿಯುತ್ತದೆ. ಸುದೀರ್ಘ ಪೀಠಿಕೆಯೊಂದಿಗೆ, ಎರಡೂ ಪರೀಕ್ಷೆಗಳು ಸರಿಸಮಾನ ಕಠಿಣವೆಂದು ತೀರ್ಪಿತ್ತೆ. ಬೆಳಿಗ್ಗೆ ಒಬ್ಬರು, ಸಂಜೆ ಒಬ್ಬರು, ನಡುವೆ ನಾನು ಎಂಬುದು ನನ್ನ ಲೆಕ್ಕಾಚಾರ.

"ಸಮ ಅಂದ್ಮೇಲೆ ಇಬ್ರಿಗೂ ಒಂದೊಂದು ಕೋಣೆ ಬೇಕಲ್ರಿ," ಎಂದಳು ಲತಾ. ಮನೆಯಲ್ಲಿದ್ದ ಇನ್ನೊಂದು ಕೋಣೆ ನಾವು ಮಲಗುವುದು. ಹಾಗಾದರೆ ನಾನೆಲ್ಲಿ ಎಂದು ಕೇಳಿದೆ.

ಅಲ್ಲಿಯವರೆಗೆ ಅವರೆಕಾಯಿ ಸುಲಿಯುತ್ತಿದ್ದ ಗಂಗಕ್ಕ ತಲೆಯೆತ್ತಿದರು. "ನಮ್ಮ ಹಟ್ಟೀಲಿ ಕುರಿ ಪಾಲು ಮಾಡ್ದೋರು ಮೊದ್ಲು ಆರಿಸಂಗಿಲ್ಲ ಅಳಿಯಂದ್ರೆ. ಮಿಕ್ಕೋರು ಹೊಡ್ಕಂಡು ಹೋದ್ಮೇಲೆ ಉಳಿದಿದ್ದೇ ಅವ್ರದು. ಇಲ್ದಿದ್ರೆ ಪಾಲು ನೆಟ್ಟಗಿರಲ್ಲ."

ವರದಿಗಾರನಾಗಿ ಹೇಳುವುದಾದರೆ, ಆ ಪದ್ಧತಿಯಲ್ಲಿ ಒಂದು ಲೋಪವೂ ಇರಲಿಲ್ಲ. ಕೀರ್ತನಾ ನನ್ನ ಕೋಣೆ ಸೇರಿದಳು, ಯೋಗೇಶ್ ಮಲಗುವ ಕೋಣೆ ಹಿಡಿದ, ಹಾಲ್ ಅತ್ತೆ ಮತ್ತು ಲತಾಳ ಪಾಲಾಯಿತು. ಉಳಿದದ್ದು ಸ್ಕೂಟರ್ ನಿಲ್ಲಿಸುವ ವರಾಂಡ.

ಈ ಬರಹವನ್ನು ಅಲ್ಲಿಯೇ, ಸ್ಕೂಟರಿನ ಸೀಟಿನ ಮೇಲೆ ಲ್ಯಾಪ್‌ಟಾಪ್ ಇಟ್ಟು ಶುರುಮಾಡಿದೆ. ಮೊದಲ ಪ್ಯಾರಾ ಮುಗಿಯುವಷ್ಟರಲ್ಲಿ ಎರಡೂ ಕೋಣೆಗಳ ಕಿಟಕಿ ತೆರೆದವು. ಕೀಲಿಮಣೆಯ ಸದ್ದಿಗೆ ಓದಲಾಗುತ್ತಿಲ್ಲ ಎಂದು ಇಬ್ಬರೂ ಒಟ್ಟಿಗೆ ಹೇಳಿದರು. ಅವರಿಬ್ಬರೂ ಒಂದು ವಿಷಯದಲ್ಲಿ ಒಮ್ಮತಕ್ಕೆ ಬಂದದ್ದು ಅದೇ ಮೊದಲು.