ಹನ್ನೆರಡು ವೋಲ್ಟಿನ ಹಠ

ಬ್ಯಾಟರಿ ವಿಷಯದಲ್ಲಿ ನನಗೆ ಯಾರೂ ಪಾಠ ಹೇಳಬೇಕಾಗಿಲ್ಲ ಎಂದು ಬಹಳ ವರ್ಷ ನಂಬಿದ್ದೆ. ಕಾರಣವಿದೆ. ನಾವು ಡೊಂಬಿವಲಿಯ ಚಾಳಿನ ಸಾಲು ಕೋಣೆಗಳಲ್ಲೊಂದರಲ್ಲಿದ್ದಾಗ ಸಂಜೆಯಾದರೆ ಲೋಡ್‌ಶೆಡ್ಡಿಂಗ್. ನಾನು ಎಲ್ಲಿಂದಲೋ ಒಂದು ಹಳೆಯ ಕಾರಿನ ಬ್ಯಾಟರಿ ತಂದು, ಪುಟ್ಟ ಬಲ್ಬು ಸಿಕ್ಕಿಸಿ ಕೋಣೆಗಳ ಮುಂದಿನ ಗ್ಯಾಲರಿಯಲ್ಲಿ ತೂಗುಹಾಕಿದ್ದೆ. ಇಡೀ ಮಹಡಿಯೇ ಆ ಬೆಳಕಿಗೆ ಬಂದು ಕೂರುತ್ತಿತ್ತು. ಮಕ್ಕಳ ಹೋಮ್‌ವರ್ಕ್, ಹೆಂಗಸರ ಮೆಂತ್ಯಸೊಪ್ಪು ಬಿಡಿಸುವ ಕೆಲಸ, ಗಂಡಸರ ಇಸ್ಪೀಟು, ಎಲ್ಲ ಅದರಡಿಯಲ್ಲೇ. ಹನ್ನೆರಡೇ ವೋಲ್ಟು!

ಈಗಿನ ನೆರೂಳದ ಫ್ಲ್ಯಾಟಿನಲ್ಲಿ ಕರೆಂಟು ಹೋಗುವುದೂ ಇಲ್ಲ, ಪಕ್ಕದ ಮನೆಯವರು ಬರುವುದೂ ಇಲ್ಲ. ಅದಕ್ಕೇ ಬದಲಾಪುರದಾಚೆ ಒಂದು ತುಂಡು ಜಾಗದಲ್ಲಿ ಒಂದು ಕೋಣೆ ಕಟ್ಟಿಸಿದೆ. ಚಾಳಿನ ಹಳಬರನ್ನೆಲ್ಲ ಅಲ್ಲಿ ಮತ್ತೆ ಕೂರಿಸಬೇಕೆಂಬುದು ನನ್ನ ಆಸೆ. ಆದರೆ ಕರೆಂಟಿನ ಕಂಬ ಅಲ್ಲಿಗೆ ಬಂದಿಲ್ಲ. ಸೋಲಾರೇ ಗತಿ.

ಮೊದಲ ಅತಿಥಿಗಳು ಚಾಳಿನಲ್ಲಿ ನಮ್ಮ ಪಕ್ಕದ ಖೋಲಿಯಲ್ಲಿದ್ದ ಜೋಶಿ ದಂಪತಿ. ಉಡುಪಿ ಕಡೆಯವಳಾದ ನನ್ನ ಹೆಂಡತಿ ಸುಮತಿ ಷರತ್ತು ಹಾಕಿದಳು.

"ಅವರು ಊಟಕ್ಕೆ ಬಂದಾಗ ಫ್ಯಾನ್ ತಿರುಗಬೇಕು, ನನ್ನ ಮಿಕ್ಸಿ ತಿರುಗಬೇಕು. ಇಲ್ಲದಿದ್ರೆ ನಾನು ಆ ಕಡೆ ತಲೆ ಹಾಕುದಿಲ್ಲ ಮಾರಾಯ್ರೆ. ಜಾಗ ಮಾರಿಬಿಡಿ."

ಮಗಳು ರಶ್ಮಿ ಮೊಬೈಲಿನಿಂದ ತಲೆಯೆತ್ತದೆ ಹೇಳಿದಳು: "ಪಪ್ಪಾ, ಚೌಬೀಸ್ ವೋಲ್ಟ್ ಲೋ. ಬಾರಾ ಮೇಂ ಸಬ್ ರಸ್ತೇ ಮೇಂ ಹೀ ಖತಮ್!"

ಅಂದರೆ, ವೋಲ್ಟು ಕಡಿಮೆಯಾದಷ್ಟೂ ತಂತಿಯಲ್ಲಿ ಹೆಚ್ಚು ಕರೆಂಟು ಹರಿಯಬೇಕು, ತಂತಿ ತೆಳುವಾಗಿ ಉದ್ದವಾದರೆ ಶಕ್ತಿಯೆಲ್ಲ ದಾರಿಯಲ್ಲೇ ಸೋರಿಹೋಗುತ್ತದೆ, ಇಪ್ಪತ್ನಾಲ್ಕು ಕೊಳ್ಳಿ ಎಂದು.

"ಹನ್ನೆರಡ ವೋಲ್ಟಿನ್ಯಾಗ ಇಡೀ ಚಾಳ ಬೆಳಗಿಸೇನಿ ನಾ. ನೀ ಆಗ ಹುಟ್ಟಿದ್ದಿಲ್ಲ!" ಎಂದೆ. ಸಭೆ ಬರಖಾಸ್ತಾಯಿತು.

ಸೋಲಾರ್ ಪ್ಯಾನೆಲ್, ಇನ್ವರ್ಟರು, ಹನ್ನೆರಡರ ಬ್ಯಾಟರಿ ಬಂದವು. ಒಲೆ, ದೇವರ ಪಟ ಇರುವ ಕೋಣೆಯಲ್ಲಿ ಆಸಿಡ್ ಡಬ್ಬಿ ಬೇಡವೆಂದಳು ಸುಮತಿ. ಗೇಟಿನ ಬಳಿಯ ಶೆಡ್ಡಿಗೆ ದಬ್ಬಿದೆ. ಇನ್ವರ್ಟರನ್ನೂ ಅದರ ಪಕ್ಕದಲ್ಲೇ ಇಡುವುದು ಕ್ರಮ. ಆದರೆ ಹಸಿರು ದೀಪ ಮಿನುಗುವ ಹೊಸ ಯಂತ್ರವನ್ನು ಶೆಡ್ಡಿನಲ್ಲಿ ಬಚ್ಚಿಟ್ಟರೆ ಜೋಶಿ ನೋಡುವುದು ಹೇಗೆ? ಅದು ಕೋಣೆಯ ಶೋಕೇಸಿನಲ್ಲಿ, ಗಾಜಿನ ನವಿಲು ಮತ್ತು ನನ್ನ ಕೇರಂ ಕಪ್ಪಿನ ನಡುವೆ ವಿರಾಜಮಾನವಾಯಿತು. ಫ್ಲ್ಯಾಟಿನ ರಿಪೇರಿಯಲ್ಲಿ ಉಳಿದಿದ್ದ ತೆಳು ತಂತಿಯನ್ನು ಶೆಡ್ಡಿನಿಂದ ಶೋಕೇಸಿನ ತನಕ ಅಂಗಳದುದ್ದಕ್ಕೂ ಎಳೆದೆ. ಬಲ್ಬು ಹತ್ತಿತು. ಫ್ಯಾನು ತಿರುಗಿತು. ನಾನು ಗೆದ್ದೆ!

ಭಾನುವಾರ ಜೋಶಿ ದಂಪತಿ ಕಲ್ಯಾಣದಿಂದ ಬಂದರು. ಶೋಕೇಸಿನ ಮುಂದೆ ನಿಂತು ಸೌರಶಕ್ತಿಯ ಮಹಿಮೆ ಕುರಿತು ನಾನು ಭಾಷಣ ಆರಂಭಿಸಿದೆ. ಸುಮತಿ ಕಾಯಿತುರಿ ಹಾಕಿ ಮಿಕ್ಸಿ ಒತ್ತಿದಳು.

ಗುರ್ರ್... ಪೀಂ!

ಹಸಿರು ದೀಪ ಕೆಂಪಾಯಿತು. ಫ್ಯಾನೂ ನಿಂತಿತು. ಮತ್ತೆ ಒತ್ತಿದಳು. ಪೀಂ! ಶೆಡ್ಡಿಗೆ ಓಡಿದೆ; ಬ್ಯಾಟರಿ ಭರ್ತಿ. ಕೋಣೆಗೆ ಓಡಿದೆ, ಬ್ಯಾಟರಿ ಖಾಲಿ ಎಂದು ಇನ್ವರ್ಟರಿನ ಅಳು. ನಡುವಿನ ತಂತಿ ಮುಟ್ಟಿದರೆ ಬಿಸಿಬಿಸಿ. ರಶ್ಮಿ ಹೇಳಿದ ರಸ್ತೆ ಅದೇ!

"ಏನಪಾ, ಶೋಕೇಸಿನ್ಯಾಗಿನ ದೇವರು ಮುನಿದನೇನು?" ಎಂದರು ಜೋಶಿ, ಬೆವರು ಒರೆಸುತ್ತ.

ಸುಮತಿ ಅರ್ಧ ರುಬ್ಬಿದ ಕಾಯಿಯನ್ನು ನೋಡಿದಳು. ಆಮೇಲೆ ನನ್ನನ್ನು ನೋಡಿದಳು. ಜಾಗ ಹೋಯಿತು ಅಂದುಕೊಂಡೆ.

ಅಷ್ಟರಲ್ಲಿ ಜೋಶಿಯವರ ಹೆಂಡತಿ ಪೇಪರಿನಿಂದ ಗಾಳಿ ಬೀಸಿಕೊಳ್ಳುತ್ತ ಎದ್ದರು. "ಸುಮತಿ, ನೆನಪೈತೇನ? ಲೈಟ್ ಹೋದಕೂಡಲೆ ಎಲ್ಲಾರೂ ಗ್ಯಾಲರಿಗೆ! ಚಾಪಿ ತಗೊಂಡು ಹೊರಗ ನಡಿ."

ಜಗಲಿಯಲ್ಲಿ ಚಾಪೆ ಬಿತ್ತು. ಅರ್ಧ ರುಬ್ಬಿದ ಕಾಯಿ ಕೋಸಂಬರಿಗೆ ಹೋಯಿತು. ಚಾಳಿನ ನಲ್ಲಿ ಜಗಳ, ಕದ್ದು ತಿಂದ ಹಪ್ಪಳ, ನನ್ನ ಬಲ್ಬಿಗೆ ಮುತ್ತುತ್ತಿದ್ದ ಹುಳುಗಳು, ಒಂದೊಂದೇ ನೆನಪು ಹೊರಬಂತು. ಸುಮತಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಆ ನಗು ಡೊಂಬಿವಲಿಯಲ್ಲೇ ಉಳಿದುಹೋಗಿದೆ ಅಂದುಕೊಂಡಿದ್ದೆ. ನನ್ನ ಕಣ್ಣು ತುಂಬಿತು. ಹಳೆಯ ಡೊಂಬಿವಲಿಯನ್ನು ಮರಳಿ ತರುತ್ತೇನೆಂದು ಹೊರಟವನು ನಾನು. ತಂದೂಬಿಟ್ಟೆ. ಲೋಡ್‌ಶೆಡ್ಡಿಂಗ್ ಸಮೇತ!

ಅವರನ್ನು ಕಳಿಸಿ ಬಂದು ಮೆಲ್ಲಗೆ ಕೇಳಿದೆ, "ಜಾಗಾ ಮಾರೂದೇನ?"

"ಮಾರುದು ಎಂತಕ್ಕೆ? ಮುಂದಿನ ತಿಂಗಳು ಅವರು ಪುನಃ ಬರ್ತಾರೆ. ಬ್ಯಾಟರಿ ರಶ್ಮಿ ತರ್ಲಿ. ನೀವು ಚಾಪೆ ತನ್ನಿ, ಸಾಕು."

ಅಂದಿನಿಂದ ಚಾಪೆ ಖಾತೆ ನನ್ನದು. ಹೋದ ಸಲ ಅದನ್ನೂ ನೆರೂಳದಲ್ಲೇ ಮರೆತು ಹೋಗಿದ್ದೆ!