ನನ್ನ ಇಡ್ಲಿ ಹಿಟ್ಟಿಗೊಬ್ಬ ಮ್ಯಾನೇಜರ್

ಎಂಬಿಎ ಓದಿ ಕೆಲಸ ಹುಡುಕುತ್ತಿರುವ ಹುಡುಗನೊಬ್ಬ ಮನೆಯಲ್ಲಿದ್ದರೆ ಸಾಕು, ಅನಾಹುತಗಳಿಗೆ ಬರವೇ ಇರುವುದಿಲ್ಲ. ನಮ್ಮ ಮನೆಯಲ್ಲಿರುವವನು ನನ್ನ ನಾದಿನಿಯ ಮಗ. ಹುಟ್ಟಿ ಬೆಳೆದದ್ದು ದೆಹಲಿಯ ಆ ತುದಿಯ ರೋಹಿಣಿಯಲ್ಲಿ. ನೋಯ್ಡಾದ ಸಂದರ್ಶನಗಳಿಗೆ ನಾವಿರುವ ಇಂದಿರಾಪುರಂ ಹತ್ತಿರ ಅಂತ ಚಳಿಗಾಲಕ್ಕೆ ನಮ್ಮಲ್ಲಿಗೆ ಬಂದು ಠಿಕಾಣಿ ಹೂಡಿದ.

ನಾನು ನಮ್ಮ ಅಪಾರ್ಟ್‌ಮೆಂಟ್ ಸೊಸೈಟಿಯಲ್ಲಿ ಇಡ್ಲಿ ಹಿಟ್ಟು ರುಬ್ಬಿ ಮಾರುತ್ತೇನೆ. ಇಲ್ಲಿನ ಪಂಜಾಬಿಗಳು, ಬಿಹಾರಿಗಳು ಯಾರ ಮನೆಯಲ್ಲಿ ಇಡ್ಲಿಯಾದರೂ ಹಿಟ್ಟು ನನ್ನದೇ. ಈ ಊರಲ್ಲಿ ನನಗಿರುವ ಹೆಸರು ಅದೊಂದೇ. ಪುಣ್ಯಾತ್ಮ ನೇರವಾಗಿ ಅದಕ್ಕೇ ಕೈ ಹಾಕಿದ.

ಗ್ರಾಹಕರ ಮನದಾಳ

ಗ್ರಾಹಕರಿಗೆ ಏನು ಬೇಕೆಂದು ನಾನು ಯಾವತ್ತೂ ಕೇಳಿಯೇ ಇಲ್ಲವಂತೆ. ಹಿಟ್ಟು ಕೊಳ್ಳಲು ಬಂದವರಿಗೆ ಹಿಟ್ಟು ಬೇಕು, ಇದರಲ್ಲಿ ಕೇಳುವುದೇನಿದೆ ಅಂದೆ. ಅವನು ಒಂದು ವಾಟ್ಸಾಪ್ ಗುಂಪು ಮಾಡಿ ಎಲ್ಲರನ್ನೂ ಕೇಳಿಯೇಬಿಟ್ಟ. ಒಬ್ಬರಿಗೆ ಹುಳಿ ಕಮ್ಮಿ ಬೇಕು. ಇನ್ನೊಬ್ಬರಿಗೆ ಹಿಟ್ಟಿನಲ್ಲೇ ಪನೀರ್ ಹಾಕಿರಬೇಕು. ಎದುರು ಫ್ಲಾಟಿನ ಪಂಜಾಬಿ ಆಂಟಿ ಮಾತ್ರ, ಹಿಟ್ಟು ಬಹಳ ಚೆನ್ನಾಗಿದೆ, ಜೊತೆಗೆ ಭಾಭೀಜಿಯೂ, ಅಂದರೆ ನಾನೂ, ಬಂದು ದೋಸೆ ಹುಯ್ದುಕೊಟ್ಟರೆ ಇನ್ನೂ ಚೆನ್ನ ಅಂತ ಬರೆದರು.

"ಅತ್ತೆ, ಇದೇ ಇನ್‌ಸೈಟ್" ಅಂದ ಇವನು. ನನ್ನನ್ನು ಕೇಳದೆಯೇ ಒಪ್ಪಿಯೂ ಬಿಟ್ಟ. ಭಾನುವಾರ ಮಧ್ಯಾಹ್ನವೆಲ್ಲ ನಾನು ಆ ಆಂಟಿಯ ಕಿಟಿ ಪಾರ್ಟಿಗೆ ಕಾವಲಿ ಮುಂದೆ ನಿಂತೆ. ಉಳಿದ ಹಿಟ್ಟನ್ನೂ ಅವರು ಫ್ರಿಜ್ಜಿಗೆ ಸೇರಿಸಿಕೊಂಡರು. ಸೊಂಟ ಹಿಡಿದುಕೊಂಡು ಮನೆಗೆ ಬಂದರೆ ನಮ್ಮವರು ಒಣ ಬ್ರೆಡ್ ತಿನ್ನುತ್ತಾ ಕೂತಿದ್ದರು. ಹಸಿದ ಸಿಟ್ಟಿಗೆ ಅದೇ ವಾಟ್ಸಾಪ್ ಗುಂಪಿನಲ್ಲಿ ತಾವೂ ನಮ್ಮ ಸೇವೆಗೆ ಒಂದೇ ಒಂದು ನಕ್ಷತ್ರ ಕೊಟ್ಟಿದ್ದರು.

ನಿಂತೇ ಮಾಡುವ ಸಭೆ

ಆಮೇಲೆ ಬೆಳಗಿನ ಸಭೆ ಶುರುವಾಯಿತು. ಅಡುಗೆಮನೆಯಲ್ಲಿ ಎಲ್ಲರೂ ನಿಂತುಕೊಂಡು, ನಿನ್ನೆ ಏನು ಮಾಡಿದೆವು, ಇವತ್ತು ಏನು ಮಾಡುತ್ತೇವೆ ಅಂತ ಹೇಳಬೇಕು. ನಮ್ಮವರು ಕೇಂದ್ರ ಸರ್ಕಾರದ ಕಚೇರಿಯಲ್ಲಿದ್ದು ನಿವೃತ್ತರಾದವರು. ಸಭೆ ಅಂದದ್ದೇ ತಡ, ಸ್ವೆಟರ್ ಮೇಲೆ ಕೋಟು ಹಾಕಿಕೊಂಡು ಬಂದರು.

ಗ್ರೈಂಡರ್ ತೊಳೆಯುವ ಕೆಲಸ ಅವರದು. ಮೊದಲ ದಿನ ಕೇಳಿದ್ದಕ್ಕೆ, ವಿಷಯ ಪರಿಶೀಲನೆಯಲ್ಲಿದೆ ಅಂದರು. ಮರುದಿನ, ಸಂಬಂಧಪಟ್ಟವರ ಗಮನಕ್ಕೆ ತರಲಾಗಿದೆ ಅಂದರು. ಮಾವನಿಗೆ ಎಂಥ ಸ್ಪಷ್ಟತೆ ಅಂತ ಹುಡುಗ ಮೆಚ್ಚಿಕೊಂಡ. ನನಗೆ ಮೈಯೆಲ್ಲ ಉರಿಯಿತು. ಆ ಸಂಬಂಧಪಟ್ಟವಳು ನಾನೇ. ತಣ್ಣೀರಿನಲ್ಲಿ ಗ್ರೈಂಡರ್ ತೊಳೆಯುತ್ತಿದ್ದರೆ ಬೆನ್ನ ಹಿಂದೆ ಅವರಿಬ್ಬರೂ ಸಭೆ ಯಶಸ್ವಿಯಾಯಿತೆಂದು ಕೈ ಕುಲುಕಿದರು.

ಪೋಲಾಗುತ್ತಿದ್ದ ರಜಾಯಿ

ಗಣರಾಜ್ಯೋತ್ಸವದ ದಿನ ಧ್ವಜ ಹಾರಿಸಿದ ಮೇಲೆ ಇಡೀ ಸೊಸೈಟಿಗೆ ಇಡ್ಲಿ. ಕಾರ್ಯದರ್ಶಿ ಸಾಹೇಬರು ನನ್ನನ್ನು ನಂಬಿ ಮೊದಲ ಸಲ ಮಿಠಾಯಿ ಅಂಗಡಿಯ ಹಲವಾಯಿಗೆ ಬೇಡ ಅಂದಿದ್ದರು. ಕೆಟ್ಟರೆ ನಾನು ಲಿಫ್ಟಿನಲ್ಲಿ ಯಾರಿಗೂ ಮುಖ ತೋರಿಸುವಂತಿರಲಿಲ್ಲ.

ದೆಹಲಿಯ ಜನವರಿಯಲ್ಲಿ ಹಿಟ್ಟು ಸುಮ್ಮನೆ ಉಬ್ಬುವುದಿಲ್ಲ. ಮನೆಯ ಅತಿ ದಪ್ಪ ರಜಾಯಿಯನ್ನು ನಾನು ಪಾತ್ರೆಗಳಿಗೆ ಹೊದಿಸುತ್ತೇನೆ, ಮನುಷ್ಯರು ಕಂಬಳಿಯಲ್ಲಿ ಸುಧಾರಿಸಿಕೊಳ್ಳುತ್ತಾರೆ. ನಮ್ಮಲ್ಲಿ ಚಳಿಗಾಲದ ಪದ್ಧತಿಯೇ ಅದು. ಈ ಸಲವೂ ಹಾಗೇ ಹೊದಿಸಿ ಮಲಗಿದೆ.

ಬೆಳಗ್ಗೆ ಎದ್ದು ನೋಡಿದರೆ ಪಾತ್ರೆಗಳ ಮೇಲೆ ಒಂದು ತೆಳು ಶಾಲು. ಹಿಟ್ಟು ರುಬ್ಬಿದಾಗ ಹೇಗಿತ್ತೋ ಹಾಗೇ ತಣ್ಣಗೆ ಕೂತಿದೆ. ರಜಾಯಿಯೊಳಗೆ ನಮ್ಮ ಮ್ಯಾನೇಜರ್ ಸಾಹೇಬರು ಗೊರಕೆ ಹೊಡೆಯುತ್ತಿದ್ದಾರೆ. ಎಬ್ಬಿಸಿ ಕೇಳಿದರೆ, "ಅತ್ತೆ, ಇಷ್ಟು ಒಳ್ಳೆ ರಿಸೋರ್ಸ್ ಪಾತ್ರೆ ಮೇಲೆ ವೇಸ್ಟ್ ಹೋ ರಹಾ ಥಾ" ಅಂದ.

ಒಂದು ತಟ್ಟೆ ಇಡ್ಲಿ ಬೇಯಿಸಿ ನೋಡಿದೆ. ಗೋಡೆಗೆ ಹೊಡೆದರೆ ಗೋಡೆಯೇ ಬಿರಿಯುವಂತಿತ್ತು. ಕೆಳಗಿನಿಂದ ಆಗಲೇ ಮೈಕಿನ ಸದ್ದು ಕೇಳುತ್ತಿತ್ತು. ಅಳು ಬಂತು, ಅದಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು. ಆ ಸಿಟ್ಟಿನಲ್ಲೇ ಹಿಟ್ಟಿಗೆ ಕಡಲೆಹಿಟ್ಟು, ಈರುಳ್ಳಿ, ಹಸಿಮೆಣಸಿನಕಾಯಿ ಸುರಿದು ಕಲಸಿ, ಬಾಣಲೆ ಇಟ್ಟು ಬೋಂಡ ಕರಿಯಲು ನಿಂತೆ. ಈರುಳ್ಳಿ ಹೆಚ್ಚುವ ಕೆಲಸ ಅವನಿಗೇ ಹಚ್ಚಿದೆ. ಕಣ್ಣೀರು ಸುರಿಸುತ್ತಾ ಹೆಚ್ಚಿದ. ನೋಡಿ ಸ್ವಲ್ಪ ಸಮಾಧಾನವಾಯಿತು.

ಆ ಚಳಿ, ಆ ಮಂಜು, ಬಿಸಿ ಬಿಸಿ ಬೋಂಡ. ಜನ ಮುಗಿಬಿದ್ದರು. ಕಾರ್ಯದರ್ಶಿ ಸಾಹೇಬರು ಎರಡೆರಡು ಸಲ ಬಂದು, ಭಾಭೀಜಿ, ಇಷ್ಟು ವರ್ಷ ಇಡ್ಲಿ ಇಡ್ಲಿ ಅಂತ ನಮ್ಮನ್ನು ಯಾಕೆ ಆಟ ಆಡಿಸಿದಿರಿ ಅಂದರು. ಇಷ್ಟು ವರ್ಷ ಕಾಪಾಡಿಕೊಂಡು ಬಂದ ಹೆಸರು ಕಣ್ಣೆದುರೇ ಎಣ್ಣೆಯಲ್ಲಿ ಮುಳುಗಿತು. ನನಗೆ ತಡೆಯಲಾಗಲಿಲ್ಲ. ಇದು ನಾನು ಮಾಡಹೊರಟಿದ್ದೇ ಅಲ್ಲ, ಇಗೋ ಇಲ್ಲಿ ನಿಂತಿದ್ದಾನಲ್ಲ, ಈ ಮಹಾನುಭಾವ ನನ್ನ ಹಿಟ್ಟನ್ನು ಪೂರ್ತಿ ಕೆಡಿಸಿದ ಅಂತ ಎಲ್ಲರೆದುರು ಹೇಳಿಬಿಟ್ಟೆ.

ಸಾಹೇಬರು ಬಾಯಲ್ಲಿದ್ದ ಬೋಂಡವನ್ನು ನಿಧಾನವಾಗಿ ಅಗಿದು ನುಂಗಿದರು. ಅವನ ಹತ್ತಿರ ಹೋಗಿ ಹೆಗಲ ಮೇಲೆ ಕೈಯಿಟ್ಟರು.

"ಬೇಟಾ, ಹೋಳಿ ಹಬ್ಬಕ್ಕೂ ಬಂದು ಹೀಗೇ ಕೆಡಿಸಿಬಿಡು."