ಉಗ್ರಾಣದ ಸರ್ವರ್ ಮತ್ತು ಐದು ಲಿನಕ್ಸ್‌ಗಳು

ಹೆಂಡತಿಯನ್ನು ಬಿಟ್ಟರೆ, ಕಂಪ್ಯೂಟರ್ ವಿಷಯದಲ್ಲಿ ನನಗೆ ಬುದ್ಧಿ ಹೇಳಿದವರೆಲ್ಲ ಕಂಪ್ಯೂಟರ್ ಮುಟ್ಟದವರು. ಒಮ್ಮೆ ಹೀಗಾದರೆ ಆಕಸ್ಮಿಕ ಎನ್ನಬಹುದಿತ್ತು. ಒಂದೇ ವಾರದಲ್ಲಿ ಮೂರು ಸಲ ಆಯಿತು.

ಆಗ ನಾನು ಹಾವೇರಿಯ ಮನೆಯಲ್ಲೇ ಕುಳಿತು ಅಂಗಡಿಗಳಿಗೆ ದಾಸ್ತಾನು ನೋಡುವ ಪ್ರೋಗ್ರಾಂ ಬರೆದುಕೊಡುತ್ತಿದ್ದೆ. ನನ್ನಲ್ಲಿ ಎರಡು ಯಂತ್ರಗಳಿದ್ದವು. ಹೊಸದು ಪಡಸಾಲೆಯಲ್ಲಿ, ಮನೆಯ ಬಳಕೆಗೆ. ಹಳೆಯದು ಉಗ್ರಾಣದಲ್ಲಿ, ಜೋಳದ ಚೀಲದ ಪಕ್ಕ. ಕೆಡುವುದೇನಿದ್ದರೂ ಅಲ್ಲೇ ಕೆಡಲಿ ಎಂದು ಇಟ್ಟ ಟೆಸ್ಟ್ ಸರ್ವರ್. ಯಂತ್ರವನ್ನು ನಡೆಸುವ ಮೂಲ ತಂತ್ರಾಂಶ ಲಿನಕ್ಸ್ ಒಂದೇ ಆದರೂ ಅದನ್ನು ಹತ್ತಾರು ಗುಂಪಿನವರು ತಮ್ಮ ತಮ್ಮ ರೀತಿಯಲ್ಲಿ ಕಟ್ಟಿ ಹಂಚುತ್ತಾರೆ. ನಾನು ತಿಂಗಳಿಗೊಂದನ್ನು ತಂದು ಎರಡೂ ಯಂತ್ರಗಳಿಗೆ ಹಾಕುತ್ತಿದ್ದೆ.

ನನ್ನ ಹೆಂಡತಿ ಹೈಸ್ಕೂಲಿನಲ್ಲಿ ಗಣಿತದ ಟೀಚರ್. ಪ್ರಶ್ನೆಪತ್ರಿಕೆ ಟೈಪ್ ಮಾಡಲು ಕುಳಿತವಳು ಕೇಳಿದಳು, "ಪ್ರಿಂಟ್ ಕೊಡೋದು ಇಲ್ಲೇ ಇತ್ತಲ್ರಿ. ಎಲ್ಲಿ ಹೋತು?"

"ಹೊಸದು ಹಾಕೇನಿ. ಈಗ ಕೆಳಗೈತಿ."

"ಅಡಿಗಿಮನ್ಯಾಗ ನಾ ದಿನಾ ಡಬ್ಬಿ ಜಾಗಾ ಬದಲಿ ಮಾಡಿದ್ರ ನಿಮಗ ಚಾ ಸಿಕ್ಕೀತೇನು? ಬರೋ ರವಿವಾರದೊಳಗ ಯಾವುದರ ಒಂದು ಖಾಯಂ ಮಾಡ್ರಿ. ಇಲ್ಲಂದ್ರ ಉಗ್ರಾಣದಾಗಿನ ಆ ಪೆಟಗಿ ಗುಜರಿಗೆ."

ಅವಳು ಗಣಿತದವಳು. ಹೇಳಿದರೆ ಹೇಳಿದ ಹಾಗೆ.

ಅಂಚೆಯವರ ಹೊಲ

ಟೆಲಿಫೋನ್ ತಂತಿಯ ಇಂಟರ್‌ನೆಟ್ಟಿನಲ್ಲಿ ಇಡೀ ಲಿನಕ್ಸ್ ಇಳಿಸುವುದು ಸಾಧ್ಯವಿರಲಿಲ್ಲ. ಆದರೆ ಆ ಗುಂಪುಗಳಲ್ಲಿ ಒಂದಾದ ಉಬುಂಟುವಿನವರು ಕೇಳಿದವರಿಗೆ ಸಿ.ಡಿ.ಗಳನ್ನು ಪುಕ್ಕಟೆಯಾಗಿ ಅಂಚೆಯಲ್ಲಿ ಕಳಿಸುತ್ತಿದ್ದರು. ಸೋಮವಾರ ಹತ್ತು ಬಂದವು. ತಂದುಕೊಟ್ಟ ಅಂಚೆಯವರು ಲಕೋಟೆ ತಿರುಗಿಸಿ ನೋಡಿದರು.

"ಇಷ್ಟೂ ಪುಕ್ಕಟೆ ಏನ್ರಿ? ಹಂಗಾರ ನನಗ ನಾಕ ಕೊಡ್ರಿ."

ಹಾವೇರಿಯಲ್ಲಿ ಲಿನಕ್ಸಿಗೆ ಇನ್ನೊಬ್ಬರು ಸಿಕ್ಕರೆಂದು ನನಗೆ ಹಿಗ್ಗಾಯಿತು. ಅದನ್ನು ಹಾಕುವ ಕ್ರಮವನ್ನು ಕಾಲು ಗಂಟೆ ವಿವರಿಸಿದೆ. ಅವರು ಸಹನೆಯಿಂದ ಕೇಳಿದರು.

ಬುಧವಾರ ಹೊಸರಿತ್ತಿಯ ಹಾದಿಯಲ್ಲಿ ಅವರ ಹೊಲ ಕಂಡಿತು. ತೆನೆಗಟ್ಟಿದ ಜೋಳದ ಮೇಲೆ ದಾರದಲ್ಲಿ ನಾಲ್ಕೂ ಉಬುಂಟು ಬಿಸಿಲಿಗೆ ಗಿರಗಿರ ತಿರುಗುತ್ತಿದ್ದವು.

"ಒಂದರ ಗುಬ್ಬಿ ಕುಂದ್ರವೊಲ್ದು ನೋಡ್ರಿ ಸರ್," ಎಂದರು ಅಂಚೆಯವರು.

ಮೊದಲ ಪ್ರಯತ್ನಕ್ಕೇ ಇಷ್ಟು ಸರಾಗವಾಗಿ ಕೆಲಸ ಶುರುಮಾಡಿದ ಲಿನಕ್ಸನ್ನು ನಾನು ಅದುವರೆಗೆ ಕಂಡಿರಲಿಲ್ಲ.

ಬೀಜದ ಸಾವಕಾರರ ಲೆಕ್ಕ

ರಾಣೇಬೆನ್ನೂರಿನ ಬೀಜದಂಗಡಿಯ ಸಾವಕಾರರು ನನ್ನ ಗಿರಾಕಿ. ನನ್ನ ಸಂಕಟ ಕೇಳಿ ನಕ್ಕರು.

"ಇದಕ್ಯಾಕ ತಲಿ ಕೆಡಿಸ್ಕೋತೀರಿ? ನಾವು ಹೊಸ ತಳಿ ಬಂದ್ರ ಹಲಗೇರಿ ಹೊಲದಾಗ ಒಂದೊಂದ ಸಾಲು ಹಾಕಿ ನೋಡ್ತೇವಿ. ಬಾಜೂಕ ನಮ್ಮ ಹಳೇ ತಳೀದೂ ಒಂದ ಸಾಲು. ಆ ಹಳೇ ಸಾಲಿಗೆ ಮಾತ್ರ ಕೈ ಹಚ್ಚಬಾರದು. ಅದನ್ನ ನೋಡೇ ಉಳಿದವನ್ನ ಅಳೀಬೇಕು."

ಇದಕ್ಕಿಂತ ಒಳ್ಳೆಯ ಸಲಹೆ ಯಾವ ಪುಸ್ತಕದಲ್ಲೂ ಸಿಕ್ಕಿರಲಿಲ್ಲ. ಉಗ್ರಾಣದ ಯಂತ್ರದ ಡಿಸ್ಕನ್ನು ಐದು ಪಾಲು ಮಾಡಿದೆ. ಪತ್ರಿಕೆಗಳ ಜೊತೆ ಬಂದ ಸಿ.ಡಿ.ಗಳನ್ನೂ ಸೇರಿಸಿ ನಾಲ್ಕರಲ್ಲಿ ನಾಲ್ಕು ಹೊಸ ಲಿನಕ್ಸ್. ಐದನೆಯದರಲ್ಲಿ ಹಳೆಯದು, ಮುಟ್ಟದಂತೆ. ಅವಸರದಲ್ಲಿ ನಾನೇ ಏನೋ ತಪ್ಪು ಮಾಡಿದೆ. ನಾಲ್ಕರಲ್ಲಿ ಉಬುಂಟು, ಡೆಬಿಯನ್ ಎರಡು ಮಾತ್ರ ಎದ್ದವು.

ಶುಕ್ರವಾರ ಹಾವೇರಿಗೆ ಬಂದ ಸಾವಕಾರರು ಉಗ್ರಾಣಕ್ಕೇ ಬಂದು ನಿಂತರು.

"ಎಷ್ಟು ಹಾಕಿದ್ರಿ?"

"ನಾಕು."

"ಎಷ್ಟು ಎದ್ದಾವು?"

"ಎರಡು."

"ಐವತ್ತು ಪರ್ಸೆಂಟ್ ಮೊಳಕೆ! ಹಿಂಥಾ ಬೀಜ ಮಾರಿದ್ರ ನನ್ನ ಲೈಸನ್ಸ್ ಹೋಗ್ತಿತ್ರಿ. ನಿಮ್ಮನ್ನ ಯಾರೂ ಕೇಳಂಗಿಲ್ಲೇನು?"

"ಕೇಳ್ತಾರ್ರಿ. ರವಿವಾರ," ಎಂದೆ.

ಮುಚ್ಚಿದ ಚೀಟಿ

ರವಿವಾರ ಬಂತು. ಎರಡರಲ್ಲಿ ಒಂದನ್ನು ಆರಿಸಲು ನನ್ನಿಂದ ಆಗಿರಲಿಲ್ಲ. ಅಂದೇ ಹೆಂಡತಿಯ ಅಣ್ಣ ಬಂದರು. ಅವರದು ಬ್ಯಾಡಗಿಯಲ್ಲಿ ಮೆಣಸಿನಕಾಯಿ ದಲಾಲಿ. ಎರಡೂ ಸಿ.ಡಿ.ಗಳನ್ನು ಬೆಳಕಿಗೆ ಹಿಡಿದು ನೋಡಿದರು. ಅಭ್ಯಾಸಬಲದಿಂದ ಮೂಸಿಯೂ ನೋಡಿದರು.

"ಬಣ್ಣಾ ಎರಡೂ ಚಲೋ ಅದಾವು ನೋಡ್ರಿ. ಟೆಂಡರ್ ಹಾಕ್ರಿ. ನಮ್ಮ ಪ್ಯಾಟ್ಯಾಗ ಯಾರೂ ಬಾಯಿ ಬಿಡಂಗಿಲ್ಲ. ಚೀಟ್ಯಾಗ ಬರದು ಡಬ್ಬ್ಯಾಗ ಹಾಕೋದು. ಬಿಚ್ಚಿದ ಮ್ಯಾಲೆ ತಕರಾರಿಲ್ಲ."

ಡಬ್ಬಿ ಬಂತು. ಟೆಂಡರಿಗೆ ನಿಂತವರು ಇಬ್ಬರೇ, ಗಂಡ ಮತ್ತು ಹೆಂಡತಿ. ಒಬ್ಬರ ಚೀಟಿ ಇನ್ನೊಬ್ಬರು ನೋಡದಂತೆ ಅಣ್ಣ ನಡುವೆ ಅಡ್ಡ ನಿಂತರು.

ನನ್ನ ಚೀಟಿ ಬಿಚ್ಚಿ ಓದಿದರು, "ಡೆಬಿಯನ್."

ಅವಳದನ್ನು ಬಿಚ್ಚಿದರು. "ಉಗ್ರಾಣದ್ದು, ಐದನೇದು."

"ತಂಗಿ, ಇದು ಟೆಂಡರಿನ್ಯಾಗ ಇಲ್ಲ."

"ಇಲ್ಲದಿದ್ರೇನಣ್ಣಾ? ಈ ವಾರ ಇವರು ಬದಲಿ ಮಾಡಿ ಮಾಡಿ ಪಡಸಾಲ್ಯಾಗಿನದು ಒಂದಿನಾನೂ ನೆಟ್ಟಗ ಇರಲಿಲ್ಲ. ಇವರು ಹೊರಗ ಹೋದಾಗ ನಾ ಜ್ವಾಳದ ಚೀಲದ ಮ್ಯಾಲೆ ಕುಂತು ಅದರಾಗ ಮೂರೂ ಕ್ಲಾಸಿನ ಪ್ರಶ್ನೆಪತ್ರಿಕೆ ಮುಗಿಸೇನಿ. ಇಟ್ಟಿದ್ದು ಇಟ್ಟಲ್ಲೇ ಇರೋದು ಈ ಮನ್ಯಾಗ ಅದೊಂದ."

ಬಿಚ್ಚಿದ ಮೇಲೆ ತಕರಾರಿಲ್ಲ. ಹಳೆಯ ಯಂತ್ರ ಪಡಸಾಲೆಗೆ ಬಂತು, ಹೊಸದು ಉಗ್ರಾಣಕ್ಕೆ ಹೋಯಿತು.

ಹೊರಡುವಾಗ, ಗುಜರಿಯ ಮಾತನ್ನು ತಂಗಿಯಿಂದ ಕೇಳಿದ್ದ ಅಣ್ಣನಿಗೆ ಸಂಶಯ ಉಳಿದಿತ್ತು. "ಎರಡೂ ಬೇಕಾದವು ಅಂದಂಗಾತು. ಹಂಗಾರ ಗುಜರಿಗೆ ಯಾವುದು ತಂಗಿ?"

ಅವಳು ಎರಡು ಯಂತ್ರಗಳನ್ನೂ ನೋಡಲಿಲ್ಲ. ನನ್ನನ್ನು ನೋಡಿದಳು.